ಬಾಲ್ ಓಡ್ತಿರುವಾಗ ಸ್ಕ್ರೀನ್ ನೋಡೋರ್ಯಾರು?

ಹೋದ ಸಂಚಿಕೇಲಿ ಮನೇಲೇ ಪಿನ್‌ಬಾಲ್ ಮಷಿನ್ ಕಟ್ಟೋದರ ಬಗ್ಗೆ ಬರೆದಿದ್ನಲ್ಲ, ಪ್ಲೈವುಡ್ಡು, ಫ್ಲಿಪರ್ರು, 48 ವೋಲ್ಟ್ ಸಪ್ಲೈ, ಆರೂವರೆ ಡಿಗ್ರಿ ಇಳಿಜಾರು ಅಂತೆಲ್ಲ. ಪತ್ರ ಬರುತ್ತೆ ಅಂದ್ಕೊಂಡಿದ್ದೆ, ಬಂತು. ಆದ್ರೆ ಮುಕ್ಕಾಲು ಪಾಲು ಜನ ಕೇಳಿರೋದು ಮರದ ಬಗ್ಗೆನೂ ಅಲ್ಲ ಕಾಯಿಲ್ ಬಗ್ಗೆನೂ ಅಲ್ಲ, ಹಿಂದುಗಡೆ ತಲೆ ಎತ್ತಿ ನಿಂತಿರುತ್ತಲ್ಲ ಬ್ಯಾಕ್‌ಬಾಕ್ಸು, ಅದರೊಳಗಿನ ಸ್ಕ್ರೀನ್ ಬಗ್ಗೆ. ಸರಿ, ಈ ಸಲ ಪೂರ್ತಿ ಸ್ಕ್ರೀನ್ ಪುರಾಣನೇ. ಹೊಸದಾಗಿ ಓದ್ತಿರೋರಿಗೆ ಒಂದ್ಮಾತು: ಚಿಕ್ಕವರಿದ್ದಾಗ ಮೊಳೆ ಹೊಡೆದ ಹಲಗೆ ಮೇಲೆ ಸ್ಪ್ರಿಂಗ್ ಎಳೆದು ಗೋಲಿ ಬಿಡ್ತಿದ್ವಲ್ಲ ಬಗಾಟೆಲ್, ಪಿನ್‌ಬಾಲ್ ಅದೇ ವಂಶದ್ದು, ಕರೆಂಟು ಕುಡಿದು ದೊಡ್ಡದಾಗಿರೋದು. ಗೋಲಿ ಬದ್ಲು 80 ಗ್ರಾಂ ತೂಗೋ ಉಕ್ಕಿನ ಗುಂಡು, ಅಷ್ಟೆ. ಆ ಗುಂಡು ಓಡೋ ಇಳಿಜಾರು ಹಲಗೆನೇ ಪ್ಲೇಫೀಲ್ಡು, ಕೆಳಗೆ ಜಾರೋ ಗುಂಡನ್ನ ಬಟನ್ ಒತ್ತಿ ಮೇಲಕ್ಕೆ ಹೊಡೆಯೋ ಕೈಗಳು ಫ್ಲಿಪರ್ರು, ಕರೆಂಟ್ ಹರಿದ ತಕ್ಷಣ ಒದೆಯೋ ತಂತಿ ಸುರುಳಿ ಕಾಯಿಲ್ಲು.

ಸರ್, ನಾವು ನಾಲ್ಕು ಮಂದಿ ಹುಡುಗ್ರು ಕೂಡಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಪಿನ್‌ಬಾಲ್ ಮಾಡಾಕತ್ತೇವ್ರಿ. ಮನ್ಯಾಗ 32 ಇಂಚಿನ ಹಳೇ ಟಿವಿ ಒಂದು ಐತಿ, ಅದನ್ನ ಹಿಂದ ಹಚ್ಚೂಣು ಅಂತ ಮಾಡೇವಿ. ಸ್ಕೋರ್, ಟೈಮರ್, ಮ್ಯಾಪ್, ಕಾಲೇಜಿನ ಲೋಗೋ, ನಾಲ್ಕೂ ಮಂದಿ ಫೋಟೋ ಎಲ್ಲಾ ತೋರಿಸೂ ಪ್ಲಾನ್ ಐತ್ರಿ. ಸರಿ ಆಗ್ತದೇನ್ರಿ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಫೋಟೋ ಹಾಕಿ, ಯಾರು ಬೇಡ ಅಂದ್ರು, ಆದ್ರೆ ಆಟ ನಡೀತಿರುವಾಗ ಬೇಡ. ಯಾಕೆ ಅಂತ ನನ್ನ ಕಥೆನೇ ಹೇಳ್ತೀನಿ ಕೇಳಿ.

ನಾನು ಒಂದಷ್ಟು ವರ್ಷ ನ್ಯೂಸ್ ಚಾನೆಲ್ ಒಂದರ ಗ್ರಾಫಿಕ್ಸ್ ಡೆಸ್ಕಲ್ಲಿ ಕೂತಿದ್ದವನು, ಸ್ಕ್ರೀನಲ್ಲಿ ಖಾಲಿ ಜಾಗ ಕಂಡ್ರೆ ಕೈ ಕೆರೆಯುತ್ತೆ. ಮೇಲೊಂದು ಪಟ್ಟಿ, ಕೆಳಗೆರಡು ಪಟ್ಟಿ, ಪಕ್ಕದಲ್ಲಿ ಬಾಕ್ಸು, ಬಾಕ್ಸೊಳಗೆ ಬೆಂಕಿ. ನನ್ನ ಮೊದಲನೇ ಮಷಿನ್ ಸ್ಕ್ರೀನನ್ನೂ ಹಂಗೇ ಮಾಡಿದ್ದೆ, ಎಣಿಸಿದ್ರೆ ಒಂದೇ ಸಲಕ್ಕೆ ಹದಿನಾಲ್ಕು ಐಟಂ ಕಾಣ್ತಿತ್ತು. ಜಾಕ್‌ಪಾಟ್ ಬಿದ್ರೆ ಒಂಬತ್ತು ಸೆಕೆಂಡಿನ ವಿಡಿಯೋ, ರಾತ್ರಿಯೆಲ್ಲ ಕೂತು ರೆಂಡರ್ ಮಾಡಿದ್ದು. ಅಕ್ಕನ ಮಗ ಬಂದ, ಆಡ್ದ, ಜಾಕ್‌ಪಾಟ್ ಹೊಡ್ದ, ವಿಡಿಯೋ ಶುರುವಾಯ್ತು, ಸೌಂಡ್ ಕೇಳಿ ಹುಡುಗ ತಲೆ ಎತ್ತಿ ನೋಡ್ದ, ನೋಡ್ತಿದ್ದ ಹಾಗೇ ಬಾಲ್ ಎರಡು ಫ್ಲಿಪರ್ ಮಧ್ಯೆ ಸೀದಾ ಕೆಳಗೆ ಹೋಯ್ತು. "ಮಾವ, ನಿನ್ ವಿಡಿಯೋ ನನ್ನ ಬಾಲ್ ತಿಂತು" ಅಂದ. ಆಮೇಲೆ "ಸ್ಕೋರ್ ಎಲ್ಲಿದೆ ಮಾವ?" ಅಂತ ಬೇರೆ ಕೇಳ್ದ, ಅದು ಎಡಗಡೆ ಮೂಲೇಲಿ ಇತ್ತು ಪಾಪ, ಹದಿನಾಲ್ಕರಲ್ಲಿ ಒಂದಾಗಿ.

ನೋಡಿ, ಆಡೋನ ಕಣ್ಣು ಬಾಲ್ ಮೇಲೆ ಇರುತ್ತೆ. ಸ್ಕ್ರೀನ್ ನೋಡೋಕೆ ಅವನಿಗೆ ಪುರುಸೊತ್ತು ಸಿಗೋದು ನಾಲ್ಕೇ ಸಂದರ್ಭದಲ್ಲಿ. ಬಾಲ್ ಇನ್ನೂ ಸ್ಪ್ರಿಂಗ್ ಮುಂದೆ ಕೂತಿರುವಾಗ, ಯಾವುದಾದ್ರೂ ಗುಳಿಗೆ ಬಿದ್ದು ಮಷಿನ್ನೇ ಅದನ್ನ ಹಿಡ್ಕೊಂಡಿರುವಾಗ, ಕೈ ಪಳಗಿದವನು ಫ್ಲಿಪರ್ ಎತ್ತಿ ಹಿಡಿದು ಅದರ ಸಂದೀಲಿ ಬಾಲನ್ನ ನಿಲ್ಲಿಸ್ಕೊಂಡು ಉಸಿರು ಬಿಡುವಾಗ, ಬಾಲ್ ಹೋದ್ಮೇಲೆ ಬೋನಸ್ ಎಣಿಸುವಾಗ. ಉಳಿದಿದ್ದೆಲ್ಲ ಅರ್ಧ ಸೆಕೆಂಡಿನ ಕಳ್ಳನೋಟ. ಆ ಅರ್ಧ ಸೆಕೆಂಡಲ್ಲಿ ಏನು ಕಾಣಬೇಕು ಅಂದ್ರೆ ಸ್ಕೋರು, ಎಷ್ಟನೇ ಬಾಲು, ಈಗ ಎಲ್ಲಿಗೆ ಹೊಡೀಬೇಕು, ಟೈಮರ್ ಓಡ್ತಿದ್ರೆ ಟೈಮರು. ಮನೇಲಿ ಕ್ರಿಕೆಟ್ ಹಾಕಿರ್ತೀವಿ, ಅಡುಗೆಮನೆಯಿಂದ ಹಾಲಿಗೆ ಹಾದು ಹೋಗುವಾಗ ತಲೆ ತಿರುಗಿಸಿದ್ರೆ ಸಾಕು, ರನ್ನೆಷ್ಟು ವಿಕೆಟ್ಟೆಷ್ಟು ಗೊತ್ತಾಗ್ಬಿಡುತ್ತಲ್ಲ, ಅಷ್ಟೇ ಬೇಕಾಗಿರೋದು.

ನಿಮ್ಮ ವಯಸ್ಸಿಗೆ ನೆನಪಿದ್ಯೋ ಇಲ್ವೋ, ವಿಂಡೋಸ್ ಎಕ್ಸ್‌ಪಿ ಜೊತೆ ಬರ್ತಿದ್ದ ಸ್ಪೇಸ್ ಕೆಡೆಟ್ ಪಿನ್‌ಬಾಲು, ಸೈಬರ್ ಸೆಂಟರಲ್ಲಿ ಗಂಟೆಗೆ ದುಡ್ಡು ಕೊಟ್ಟು ನೆಟ್ ನೋಡೋಕೆ ಹೋಗಿ ಅದನ್ನ ಆಡ್ಕೊಂಡು ಬರ್ತಿದ್ವಿ. ಅದರ ಬಲಗಡೆ ಪ್ಯಾನೆಲ್ ನೆನಪು ಮಾಡ್ಕೊಳ್ಳಿ ಇಲ್ಲಾ ಹುಡುಕಿ ನೋಡಿ. ಬಾಲ್ ನಂಬರು, ಸ್ಕೋರು, ಕೆಳಗೆ ಒಂದೆರಡು ಸಾಲಲ್ಲಿ ಮುಂದೇನು ಮಾಡ್ಬೇಕು ಅನ್ನೋ ಮಾತು. ಮುಗೀತು. 1995ರಲ್ಲಿ ಮಾಡಿದ್ದು ಅದು, ಇವತ್ತಿಗೂ ಅದಕ್ಕಿಂತ ನೀಟಾದ ಪಾಠ ಬೇಕಾಗಿಲ್ಲ.

ಒಂದು ಪರೀಕ್ಷೆ ಹೇಳ್ತೀನಿ, ಖರ್ಚಿಲ್ಲದ್ದು. ನಿಮ್ಮ ಸ್ಕ್ರೀನ್ ಡಿಸೈನ್‌ನ ಅದೇ ಅಳತೇಲಿ ಪ್ರಿಂಟ್ ತೆಗ್ದು ಗೋಡೆಗೆ ಅಂಟಿಸಿ, ಮೇಲೊಂದು ಬಟ್ಟೆ ಮುಚ್ಚಿ. ಮೂರ್ನಾಲ್ಕು ಅಡಿ ದೂರದಲ್ಲಿ ಕ್ಯಾರಮ್ ಬೋರ್ಡ್ ಇಟ್ಟು ಫ್ರೆಂಡ್ ಒಬ್ಬನ್ನ ಆಡೋಕೆ ಬಿಡಿ. ಸ್ಟ್ರೈಕರ್ ಹೊಡೆದ ತಕ್ಷಣ ಚಪ್ಪಾಳೆ ತಟ್ಟಿ ಬಟ್ಟೆ ಎತ್ತಿ ಇಳಿಸಿ, ಏನು ಕಂಡ್ಯೋ ಅಂತ ಕೇಳಿ. ಅವನು ಹೇಳಿದ್ದು ಉಳೀಲಿ, ಹೇಳದೇ ಇದ್ದಿದ್ದು ತೆಗೀರಿ. ನಿಮ್ಮ ನಾಲ್ಕು ಜನದ ಫೋಟೋ, ಲೋಗೋ ಎಲ್ಲಾ ಯಾರೂ ಆಡದೆ ಮಷಿನ್ ಸುಮ್ನೆ ನಿಂತಿರುವಾಗ ಓಡುತ್ತಲ್ಲ ಅಟ್ರಾಕ್ಟ್ ಮೋಡು, ಅಲ್ಲಿ ಹಾಕಿ, ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು ಮೊದಲು ನೋಡೋದೂ ಅದನ್ನೇ.

ಇನ್ನು ಟಿವಿ. 32 ಇಂಚು ಅಂದ್ರೆ ಅಡ್ಡಕ್ಕೆ 28 ಇಂಚು ಹತ್ರ ಬರುತ್ತೆ, ಸಾಮಾನ್ಯ ಪ್ಲೇಫೀಲ್ಡ್ ಅಗಲ 20 ಕಾಲು ಇಂಚು, ತಲೆ ಭಾರದ ಬೊಂಬೆ ತರ ಕಾಣುತ್ತೆ. ಕಂಪನಿ ಮಷಿನ್‌ಗಳಲ್ಲಿ ದೊಡ್ಡ ಎಲ್‌ಸಿಡಿ ತಂದ ಜೆರ್ಸಿ ಜ್ಯಾಕ್‌ನೋರ 2013ರ ವಿಜರ್ಡ್ ಆಫ್ ಆಜ್ ಮಷಿನ್ನಲ್ಲೂ ಇದ್ದಿದ್ದು 26 ಇಂಚು. ಅದೂ ಅಲ್ದೆ ಟಿವಿಗಳಿಗೆ ಎರಡು ದುರಭ್ಯಾಸ. ಒಂದು, ಚಿತ್ರ ಚೆಂದ ಮಾಡ್ತೀನಿ ಅಂತ ಸಿಗ್ನಲನ್ನ ಒಳಗೆ ಉಜ್ಜಿ ತಡವಾಗಿ ತೋರಿಸುತ್ತೆ, ಗೇಮ್ ಮೋಡ್ ಇದ್ರೆ ಆನ್ ಮಾಡಿ. ಎರಡು, ಕರೆಂಟ್ ಹೋಗಿ ಬಂದ್ರೆ ರಿಮೋಟ್ ಒತ್ತೋವರೆಗೂ ನೀಲಿ ಮುಖ ಮಾಡ್ಕೊಂಡು ಕೂತಿರುತ್ತೆ. ಹಳೇ 22 ಅಥವಾ 24 ಇಂಚಿನ ಕಂಪ್ಯೂಟರ್ ಮಾನಿಟರ್ ಸೆಕೆಂಡ್‌ಹ್ಯಾಂಡ್ ಸಿಕ್ರೆ ಅದೇ ಲೇಸು.

ನಮಸ್ಕಾರ. ನಾನಿರೋದು ಶಿಕಾಗೋ ಹತ್ರ. ಇಲ್ಲಿ ಪಿನ್‌ಬಾಲ್ ಶೋಗಳಿಗೆ ಹೋಗಿ ಹೋಗಿ ಹುಚ್ಚು ಹಿಡಿದು ಗ್ಯಾರೇಜಲ್ಲಿ ಒಂದು ಕಟ್ತಿದ್ದೀನಿ. ಎಲ್‌ಸಿಡಿ ಹಾಕೋದಾ, ಇಲ್ಲಾ ಹಳೇ ಮಷಿನ್‌ಗಳ ಕಿತ್ತಳೆ ಬಣ್ಣದ ಚುಕ್ಕಿ ಡಿಸ್‌ಪ್ಲೇ ಹಾಕೋದಾ? ಮನಸ್ಸು ಚುಕ್ಕಿ ಕಡೆ ಎಳೀತಿದೆ.
— ಕನ್ನಡಿಗರೊಬ್ಬರು, ಇಲಿನಾಯ್

ನೀವಿರೋದು ಪಿನ್‌ಬಾಲ್‌ನ ತವರುಮನೇಲಿ ಸ್ವಾಮಿ, ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಈಗಿನ ಸ್ಟರ್ನ್, ಎಲ್ಲಾ ಆ ಊರಿನ ಸುತ್ತಮುತ್ತಲಿನವರೇ, ನನಗೆ ಹೊಟ್ಟೆಕಿಚ್ಚು. ಪಿನ್‌ಬಾಲ್ ಎಕ್ಸ್‌ಪೋಗೆ ಹೋದ್ರೆ ಮನೇಲಿ ಕಟ್ಟಿದ ಮಷಿನ್ ಇಟ್ಟಿರೋ ಕಡೆನೇ ಹೆಚ್ಚು ಹೊತ್ತು ನಿಲ್ಲಿ, ಮಾಡಿದವರು ಪಕ್ಕದಲ್ಲೇ ಇರ್ತಾರೆ, ಕೇಳಿದ್ರೆ ಹೇಳ್ತಾರೆ.

ಚುಕ್ಕಿ ಡಿಸ್‌ಪ್ಲೇ ಕಥೆ ಗೊತ್ತಿರಲಿ. ಮೊದಲು ಅಂಕಿ ಬರೆದ ಚಕ್ರ ತಿರುಗ್ತಿತ್ತು, ಹಳೇ ಪೆಟ್ರೋಲ್ ಬಂಕ್ ಮೀಟರ್ ತರ. 70ರ ದಶಕದ ಕೊನೇಲಿ ಬರೀ ಅಂಕಿ ಬೆಳಗೋ ಎಲೆಕ್ಟ್ರಾನಿಕ್ ಡಿಸ್‌ಪ್ಲೇ, 80ರ ದಶಕದ ಮಧ್ಯದಲ್ಲಿ ಇಂಗ್ಲಿಷ್ ಅಕ್ಷರನೂ ಬಂತು. 1991ರಲ್ಲಿ ಡಾಟಾ ಈಸ್ಟ್ ಕಂಪನಿಯ ಚೆಕ್‌ಪಾಯಿಂಟ್ ಮಷಿನ್ನಲ್ಲಿ ಮೊದಲ ಸಲ ಚುಕ್ಕಿ, ಎತ್ತರಕ್ಕೆ 16 ಸಾಲು ಮಾತ್ರ. ಅದೇ ವರ್ಷ ವಿಲಿಯಮ್ಸ್‌ನೋರು 128 ಅಡ್ಡ 32 ಎತ್ತರದ್ದು ತಂದ್ರು, ಅದೇ ಇಪ್ಪತ್ತು ವರ್ಷದ ಮೇಲೆ ಆಳ್ತು. ಒಟ್ಟು 4,096 ಚುಕ್ಕಿ. ಚುಕ್ಕಿ ಹತ್ತಿದೆಯೋ ಆರಿದೆಯೋ ಅಂತಷ್ಟೇ ಇಟ್ಕೊಂಡ್ರೆ ಒಂದು ಫ್ರೇಮ್‌ಗೆ 512 ಬೈಟ್ ಸಾಕು, ನಾವು ವಾಟ್ಸಾಪಲ್ಲಿ ಕಳ್ಸೋ ಒಂದು ಗುಡ್‌ಮಾರ್ನಿಂಗ್ ಫೋಟೋದಲ್ಲಿ ಇಂಥಾ ನೂರಾರು ಫ್ರೇಮ್ ತುಂಬಬಹುದು. ಅಷ್ಟರಲ್ಲೇ ಅವರು ಕುದುರೆ ಓಡಿಸಿದ್ರು, ಹೆಲಿಕಾಪ್ಟರ್ ಹಾರಿಸಿದ್ರು.

ಆ ಬಡತನನೇ ಅದರ ಸೊಬಗು. 32 ಸಾಲಲ್ಲಿ ಕಸ ತುಂಬೋಕೆ ಜಾಗನೇ ಇಲ್ಲ, ಒಂದು ಸಲಕ್ಕೆ ಒಂದೇ ಮಾತು ಹೇಳಬಹುದು, ಅದು ದೂರದಿಂದ ಓರೆಗಣ್ಣಲ್ಲೂ ಕಾಣುತ್ತೆ. ಮೊದಲನೇ ಮಷಿನ್ ಮಾಡೋರಿಗೆ ನಾನು ಚುಕ್ಕಿನೇ ಹೇಳ್ತೀನಿ, ಕೈ ತಾನಾಗೇ ಹತೋಟೀಲಿ ಇರುತ್ತೆ. ಆದ್ರೆ ಹಳೇ ಮಷಿನ್‌ದು ಅಸಲಿ ಗ್ಯಾಸ್ ಪ್ಲಾಸ್ಮಾ ಗಾಜು ಹುಡುಕೋಕೆ ಹೋಗ್ಬೇಡಿ, ಅದಕ್ಕೆ ನೂರು ವೋಲ್ಟ್ ದಾಟೋ ಲೈನ್‌ಗಳು ಬೇಕು, ವಯಸ್ಸಾದ್ರೆ ಮಂಕಾಗುತ್ತೆ. ಅಂಗಡಿ ಬೋರ್ಡ್‌ಗೆ ಹಾಕೋ ಎಲ್‌ಇಡಿ ಪ್ಯಾನೆಲ್ ಸಿಗುತ್ತಲ್ಲ, 64 ಅಡ್ಡ 32 ಇರೋದು, ಪಿ2.5 ಅಂತ ಕೇಳಿ, ಅಂದ್ರೆ ಚುಕ್ಕಿಯಿಂದ ಚುಕ್ಕಿಗೆ ಎರಡೂವರೆ ಮಿಲಿಮೀಟರ್. ಎರಡು ಪಕ್ಕಪಕ್ಕ ಇಟ್ರೆ 32 ಸೆಂಟಿಮೀಟರ್ ಅಗಲ, 8 ಎತ್ತರ. ಇಎಸ್‌ಪಿ32 ಅನ್ನೋ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಒಂದು ಅದನ್ನ ಆರಾಮಾಗಿ ಓಡಿಸುತ್ತೆ. ಬೆಂಗಳೂರಲ್ಲಿದ್ದಿದ್ರೆ ಎಸ್‌ಪಿ ರೋಡಿಗೆ ಹೋಗಿ ಅಂತಿದ್ದೆ, ನಿಮಗೆ ಆನ್‌ಲೈನೇ ಗತಿ. ಪೂರ್ತಿ ಬಿಳಿ ಹಚ್ಚಿದ್ರೆ ಒಂದೊಂದು ಪ್ಯಾನೆಲ್ಲೂ 5 ವೋಲ್ಟಲ್ಲಿ 3-4 ಆಂಪ್ಸ್ ಎಳೆಯಬಹುದು, ಮೊಬೈಲ್ ಚಾರ್ಜರ್ ಸಾಲಲ್ಲ. ಮುಂದೆ ಒಂದು ಹೊಗೆ ಬಣ್ಣದ ಅಕ್ರಿಲಿಕ್ ಶೀಟ್ ಹಾಕಿ, ಕಣ್ಣಿಗೆ ಚುಚ್ಚೋದು ನಿಲ್ಲುತ್ತೆ, ಕಪ್ಪು ಕಪ್ಪಾಗೇ ಕಾಣುತ್ತೆ. ಎಲ್ಲಾ ಬಣ್ಣ ಸಿಗುತ್ತಲ್ಲ ಅಂತ ಎಲ್ಲಾ ಬಳೀಬೇಡಿ, ಕಿತ್ತಳೆಯ ನಾಲ್ಕು ಛಾಯೆ ಇಟ್ಕೊಂಡು ಶುರು ಮಾಡಿ.

ಇನ್ನೊಂದು ಕಥೆ ಹೇಳದಿದ್ರೆ ಸಮಾಧಾನ ಇಲ್ಲ ನನಗೆ. ಆಟಗಾರ ಸ್ಕ್ರೀನ್ ನೋಡಲ್ಲ ಅನ್ನೋ ತಲೆನೋವನ್ನ ವಿಲಿಯಮ್ಸ್‌ನೋರು 1999ರಲ್ಲಿ ಬುಡದಿಂದಲೇ ಬಿಡಿಸೋಕೆ ನೋಡಿದ್ರು. ಪಿನ್‌ಬಾಲ್ 2000 ಅಂತ, ಬ್ಯಾಕ್‌ಬಾಕ್ಸಲ್ಲಿ ಮಾನಿಟರನ್ನ ಕೆಳಮುಖ ಮಾಡಿ ಇಟ್ಟು ಅದರ ಬಿಂಬ ಆಟದ ಗಾಜಿನ ಮೇಲೆ ಬೀಳೋ ಹಾಗೆ ಮಾಡಿದ್ರು, ಬಸ್ಸಲ್ಲಿ ರಾತ್ರಿ ಹೊತ್ತು ಕಿಟಕಿ ಗಾಜಲ್ಲಿ ನಮ್ಮ ಮುಖ ಹೊರಗಡೆ ತೇಲ್ತಿರೋ ಹಾಗೆ ಕಾಣುತ್ತಲ್ಲ, ಅದೇ ಕಿತಾಪತಿ. ಮಂಗಳ ಗ್ರಹದ ಜೀವಿಗಳು ಪ್ಲೇಫೀಲ್ಡ್ ಮೇಲೇ ನಿಂತಿರ್ತಿದ್ವು, ಬಾಲ್ ಹೋಗಿ ಬಡಿದ್ರೆ ಸಿಡೀತಿದ್ವು, ಕಣ್ಣು ಮೇಲೆತ್ತೋ ಪ್ರಮೇಯನೇ ಇಲ್ಲ. ಎರಡೇ ಮಷಿನ್ ಬಂತು, ಅದೇ ವರ್ಷ ಅಕ್ಟೋಬರಲ್ಲಿ ಕಂಪನಿ ಪಿನ್‌ಬಾಲ್ ವಿಭಾಗನೇ ಮುಚ್ಚಿಬಿಡ್ತು. ಯಾವುದಾದ್ರೂ ಶೋದಲ್ಲಿ ಕಂಡ್ರೆ ಬಿಡದೆ ಆಡಿ.

ಮಷಿನ್ ಸಾಫ್ಟ್‌ವೇರ್‌ಗೆ ಮಿಷನ್ ಪಿನ್‌ಬಾಲ್ ಫ್ರೇಮ್‌ವರ್ಕ್ ಬಳಸ್ತಿದ್ದೇನೆ. ಶಾಲೆಯ ಮಕ್ಕಳಿಗಾಗಿ ಮಾಡುತ್ತಿರುವುದರಿಂದ ಸ್ಕ್ರೀನ್ ಪೂರ್ತಿ ಕನ್ನಡದಲ್ಲಿರಬೇಕು ಎಂಬ ಆಸೆ. ಆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಚೆಲ್ಲಾಪಿಲ್ಲಿ ಆಗುತ್ತಿವೆ. ಅಂಕಿಗಳನ್ನೂ ಕನ್ನಡದಲ್ಲೇ ಹಾಕಬಹುದೇ?
— ಪ್ರೌಢಶಾಲಾ ಶಿಕ್ಷಕಿ, ಮೈಸೂರು

ಮೇಡಂ, ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಖುಷಿ ಕೊಟ್ಟಿದ್ದು ನಿಮ್ದೇ. ಬೇರೆಯವರಿಗೆ: ಈ ಫ್ರೇಮ್‌ವರ್ಕ್ ಅನ್ನೋದು ಪೈಥಾನ್‌ನಲ್ಲಿ ಬರೆದಿರೋ ಫ್ರೀ ಸಾಫ್ಟ್‌ವೇರು, ಸ್ವಿಚ್ಚು ಕಾಯಿಲ್ಲು ನಿಯಮ ಎಲ್ಲಾ ಅದು ನೋಡ್ಕೊಳ್ಳುತ್ತೆ, ಚಿತ್ರ ಶಬ್ದ ತೋರಿಸೋಕೆ ಬೇರೆ ಮೀಡಿಯಾ ಕಂಟ್ರೋಲರ್ ಇರುತ್ತೆ. ಹಳೇ ಕಂಟ್ರೋಲರ್ ಕಟ್ಟಿದ್ದು ಕಿವಿ ಅನ್ನೋ ಲೈಬ್ರರಿ ಮೇಲೆ. ಹೆಸರೇನೋ ಕಿವಿ, ಸುಮ್ನೆ ಹಾಕ್ಕೊಂಡ್ರೆ ಕನ್ನಡಕ್ಕೆ ಮಾತ್ರ ಕಿವುಡು, ಅಕ್ಷರಗಳನ್ನ ಒಂದಾದ ಮೇಲೊಂದು ಸಾಲಾಗಿ ಇಟ್ಕೊಂಡು ಹೋಗುತ್ತೆ, ಒತ್ತು ಕೆಳಗಿಳೀಬೇಕು ಅನ್ನೋದು ಅದಕ್ಕೆ ತಿಳಿಯಲ್ಲ. ನೀವು ಅದರಲ್ಲೇ ಇದ್ದೀರಿ ಅಂತ ನನ್ನ ಗುಮಾನಿ. ಹೊಸ ಕಂಟ್ರೋಲರ್ ಗೋಡೋ ಗೇಮ್ ಎಂಜಿನ್ ಮೇಲಿದೆ, ಗೋಡೋ 4ರ ಒಳಗೆ ಹಾರ್ಫ್‌ಬಝ್ ಅನ್ನೋ ಅಕ್ಷರ ಕೂಡಿಸೋ ಲೈಬ್ರರಿ ಇದೆ, ಅದಕ್ಕೆ ಕನ್ನಡ ಜೋಡಿಸೋದು ಗೊತ್ತು. ಅದಕ್ಕೆ ದಾಟ್ಕೊಳ್ಳಿ, ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಇವುಗಳಲ್ಲಿ ಯಾವುದಾದ್ರೂ ಹಾಕಿ, ಮೂರೂ ಉಚಿತ. ದೊಡ್ಡ ಕೂಗಿಗೆ ಬಲೂ ತಮ್ಮ ನನಗಿಷ್ಟ, ದಪ್ಪಗಿದೆ, ಮಕ್ಕಳಿಗೂ ಹಿಡಿಸುತ್ತೆ.

ಆಮೇಲೆ ಎತ್ತರದ ವಿಷ್ಯ. ಇಂಗ್ಲಿಷ್ ದೊಡ್ಡಕ್ಷರ ಒಂದೇ ಮಹಡಿ ಮನೆ, ನಮ್ದು ಮೇಲೆ ಗುಡಿಸು ಕೆಳಗೆ ಒತ್ತು, ಮೂರು ಅಂತಸ್ತು. ಬಸ್ ಮುಂದಿನ ಎಲ್‌ಇಡಿ ಬೋರ್ಡಲ್ಲಿ ಒತ್ತಿನ ಕಾಲು ಕತ್ತರಿಸಿ ಹೋಗಿರೋದು ನೋಡಿರ್ತೀರಿ. ಸಾಲಿನ ಎತ್ತರವನ್ನ ಇಂಗ್ಲಿಷ್‌ಗಿಂತ ಒಂದೂವರೆ ಪಟ್ಟು ಬಿಡಿ, 32 ಸಾಲಿನ ಚುಕ್ಕಿ ಡಿಸ್‌ಪ್ಲೇ ಆದ್ರೆ ಕನ್ನಡದ್ದು ಒಂದೇ ಸಾಲು, ಎರಡನೇದು ಹಿಡಿಸೋ ಸಾಹಸ ಬೇಡ. ಅದಕ್ಕಿಂತ ಜಾಣತನ ಅಂದ್ರೆ ಒತ್ತಿಲ್ಲದ ಮಾತು ಹುಡುಕೋದು. ಶುರುವಲ್ಲೇ ಜಾರಿಹೋದ ಬಾಲನ್ನ ಮಷಿನ್ ಮತ್ತೆ ಕೊಡುವಾಗ "ಚೆಂಡನ್ನು ಹಿಂದಿರುಗಿಸಲಾಗುತ್ತಿದೆ" ಅಂತ ಹಾಕೋ ಬದ್ಲು "ಬಾಲ್ ವಾಪಸ್" ಅನ್ನಿ. ಮಷಿನ್ ಅಲ್ಲಾಡಿಸಿದ್ರೆ ಬರೋ ಎಚ್ಚರಿಕೆಗೆ "ಅಲುಗಿಸಬೇಡಿ" ಸಾಕು, ಒಂದೇ ಒಂದು ಒತ್ತಿಲ್ಲ ನೋಡಿ ಅದರಲ್ಲಿ. ಇನ್ನು ಜಾಕ್‌ಪಾಟ್ ಅಂತ ಟೈಪ್ ಮಾಡುವಾಗ ಕ್ ಆದ್ಮೇಲೆ ಅಕ್ಷರಗಳನ್ನ ಬೇರೆ ಇಡೋ, ಕಣ್ಣಿಗೆ ಕಾಣದ ಒಂದು ಅಕ್ಷರ (ಜೀರೋ ವಿಡ್ತ್ ನಾನ್-ಜಾಯ್ನರ್) ಹಾಕ್ಬೇಕು, ಇಲ್ದಿದ್ರೆ ಪಾ ಹೋಗಿ ಕಾ ಕೆಳಗೆ ನೇತಾಡುತ್ತೆ, ಜಾಕ್ಪಾಟ್ ಅಂತ ಆಗುತ್ತೆ. ಕೀಬೋರ್ಡ್ ಪ್ರಕಾರ ಅದನ್ನ ಹಾಕೋ ಕೀ ಬೇರೆ ಬೇರೆ, ಸುಲಭ ಅಂದ್ರೆ ಸರಿಯಾಗಿರೋ ಕಡೆಯಿಂದ ಕಾಪಿ ಮಾಡ್ಕೊಳ್ಳಿ.

ಅಂಕಿ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲ್ಲ. ಓಡ್ತಿರೋ ಸ್ಕೋರ್ 1, 2, 3 ಅಂತಲೇ ಇರಲಿ. ಕನ್ನಡದ ಸೊನ್ನೆ, ಒಂದು ಎರಡೂ ಗುಂಡಗೆ, ಆರು ಒಂಬತ್ತು ಎರಡಕ್ಕೂ ಬಾಲ, ಅರ್ಧ ಸೆಕೆಂಡಲ್ಲಿ ಕಣ್ಣು ಮೋಸಹೋಗುತ್ತೆ, ಚುಕ್ಕಿಯಲ್ಲಂತೂ ಕೇಳೋದೇ ಬೇಡ. ನಿಂತು ಓದೋ ಕಡೆ, ಹೆಚ್ಚು ಅಂಕ ತಗೊಂಡವರ ಪಟ್ಟೀಲಿ, ಧಾರಾಳವಾಗಿ ಕನ್ನಡ ಅಂಕಿ ಹಾಕಿ, ಚೆನ್ನಾಗಿ ಕಾಣುತ್ತೆ. ಆದ್ರೆ ಕಾಮಾ ಮಾತ್ರ ನಮ್ಮ ಲೆಕ್ಕದ್ದೇ ಇರಲಿ: 3,47,82,150. ಅಮೆರಿಕದ ಮಷಿನ್ ಮಿಲಿಯನ್ ಮಿಲಿಯನ್ ಅಂತ ಕಿರುಚುತ್ತೆ, ನಿಮ್ಮ ಮಷಿನ್ "ಒಂದು ಕೋಟಿ!" ಅಂತ ಕಿರುಚಲಿ, ಮಕ್ಕಳು ಹೇಗೆ ಕುಣೀತಾರೆ ನೋಡಿ. ಎಂಜಿನ್ ತಾನಾಗೇ ಹಾಗೆ ಕಾಮಾ ಹಾಕಲ್ಲ, ಬಲಗಡೆಯಿಂದ ಮೊದಲು ಮೂರು ಆಮೇಲೆ ಎರಡೆರಡು ಕತ್ತರಿಸೋ ನಾಲ್ಕು ಸಾಲಿನ ಕೋಡು, ಒಂಬತ್ತನೇ ಕ್ಲಾಸಿನ ಹುಡುಗರಿಗೇ ಹೋಂವರ್ಕ್ ಕೊಡಿ. ಮತ್ತೆ ಫಾಂಟಲ್ಲಿ ಎಲ್ಲಾ ಅಂಕಿಗೂ ಒಂದೇ ಅಗಲ ಇರೋ ಹಾಗೆ ನೋಡ್ಕೊಳ್ಳಿ, ಇಲ್ದಿದ್ರೆ ಸ್ಕೋರ್ ಏರುವಾಗ ಇಡೀ ಸಾಲು ಜ್ವರ ಬಂದಂಗೆ ನಡುಗುತ್ತೆ.

ಯಕ್ಷಗಾನದ ಥೀಮ್ ಇಟ್ಟುಕೊಂಡು ಮಾಡ್ತಿದ್ದೇನೆ. ಮೂರು ಬಾಲ್ ಒಟ್ಟಿಗೆ ಬಿಡುವ ಮಲ್ಟಿಬಾಲ್ ಶುರುವಾಗುವಾಗ ಮಹಿಷಾಸುರನ ಪ್ರವೇಶ ತೋರಿಸ್ಬೇಕು. ಪರಿಚಯದ ಕಲಾವಿದರು ವೇಷ ಹಾಕಿಕೊಂಡು ನಿಲ್ಲಲು ಒಪ್ಪಿದ್ದಾರೆ. ಶೂಟ್ ಹೇಗೆ ಮಾಡ್ಬೇಕು, ಎಷ್ಟು ಉದ್ದ ಇಡ್ಬೇಕು?
— ಕುಂದಾಪುರದಿಂದ ಒಬ್ಬರು

ಅಬ್ಬಾ, ಇಂಥಾ ಐಡಿಯಾ ನನಗೆ ಯಾಕೆ ಹೊಳೀಲಿಲ್ವೋ. ಬಯಲಾಟದಲ್ಲಿ ಮಹಿಷಾಸುರ ಜನರ ಮಧ್ಯದಿಂದಲೇ ಬರ್ತಾನೆ, ದೊಂದಿ ಹಿಡ್ಕೊಂಡು, ರಾಳ ಎರಚಿದಾಗ ಬೆಂಕಿ ಭಗ್ ಅಂತ ಏಳುತ್ತೆ, ಮಲಗಿದ್ದ ಮಕ್ಕಳೆಲ್ಲ ಎದ್ದು ಕೂರ್ತಾರೆ. ನಿಮಗೆ ಬೇಕಾಗಿರೋದು ಅದರಲ್ಲಿ ಎರಡೂವರೆ ಸೆಕೆಂಡು ಮಾತ್ರ. ಇಡೀ ಪ್ರವೇಶ ತೋರಿಸ್ಬೇಕು ಅಂತ ಆಸೆ ಆಗುತ್ತೆ, ಗೊತ್ತು ನನಗೆ, ಬೇಡ.

ಹೀಗೆ ಮಾಡಿ. ಕಪ್ಪು ಪರದೆ ಮುಂದೆ ನಿಲ್ಲಿಸಿ, ಬೆಳಕು ಎದುರಿನಿಂದ ಬೇಡ, ಹಿಂದಿನಿಂದ ಒಂದು, ಪಕ್ಕದಿಂದ ಒಂದು, ಆ ಎರಡು ಕೊಂಬಿನ ಅಂಚು ಬೆಳಗಬೇಕು. ಮೂರು ತುಂಡು ತೆಗೀರಿ. ಮೊದಲನೇದು ಪೂರ್ತಿ ಕತ್ತಲಲ್ಲಿ ಕೊಂಬು ಮಾತ್ರ ಕಾಣೋದು, ಅರ್ಧ ಸೆಕೆಂಡು. ಎರಡನೇದು ಬೆಂಕಿ ಎದ್ದು ಮುಖ ಕಾಣೋದು, ಬಣ್ಣ, ಕಣ್ಣು, ಒಂದು ಸೆಕೆಂಡು. ಮೂರನೇದು ಅವನು ಕ್ಯಾಮೆರಾ ಕಡೆ ನುಗ್ಗೋದು, ಸ್ಕ್ರೀನ್ ತುಂಬ ಕೆಂಪಾಗೋದು. ಬೆಂಕಿನ ಮನೆಯೊಳಗೆ ರಾಳ ಹಾಕಿ ಶೂಟ್ ಮಾಡೋಕೆ ಹೋಗ್ಬೇಡಿ ದಯವಿಟ್ಟು, ಹೊರಗೆ ಬಯಲಲ್ಲಿ ಬರೀ ಬೆಂಕಿನ ರಾತ್ರಿ ಹೊತ್ತು ಬೇರೆ ತೆಗ್ದು ಎಡಿಟ್‌ನಲ್ಲಿ ಮೇಲೆ ಕೂರಿಸಿ, ಕಪ್ಪು ಹಿನ್ನೆಲೆ ಇರೋದ್ರಿಂದ ಎಡಿಟಿಂಗ್ ಸಾಫ್ಟ್‌ವೇರಿನ "ಸ್ಕ್ರೀನ್" ಅನ್ನೋ ಬ್ಲೆಂಡ್ ಮೋಡ್ ಹಾಕಿದ್ರೆ ತಾನೇ ಕೂತ್ಕೊಳ್ಳುತ್ತೆ. ಚುಕ್ಕಿ ಡಿಸ್‌ಪ್ಲೇ ಆದ್ರಂತೂ ನಿಮ್ಮ ಅದೃಷ್ಟ, 32 ಸಾಲಿಗೆ ಇಳಿಸಿದ್ರೂ ಎರಡು ಕೊಂಬು ಎರಡು ಕೊಂಬಾಗೇ ಉಳಿಯುತ್ತೆ. ಕೇದಗೆ ಮುಂದಲೆ ಕಟ್ಟಿದ ವೇಷವೂ ಬಾಹ್ಯರೇಖೆಯಿಂದಲೇ ಗುರುತು ಸಿಗುತ್ತೆ. ಸಣ್ಣ ಕಸೂತಿ, ಮಣಿ, ಆಭರಣ ಎಲ್ಲಾ ಮಸಿಯಾಗುತ್ತೆ, ಅದಕ್ಕೆ ಮುಖ ಮತ್ತೆ ತಲೆ ಭಾಗ ಬಿಟ್ಟು ಕೆಳಗಿಂದೆಲ್ಲ ಫ್ರೇಮ್‌ನಿಂದ ಆಚೆ ಹಾಕಿ.

ವಿಡಿಯೋ ಯಾವಾಗ ಬಿಡ್ಬೇಕು ಅನ್ನೋದೇ ಅಸಲಿ ವಿಷ್ಯ. ಬಾಲ್ ಗುಳಿಯೊಳಗೆ ಬಿದ್ದು ಸ್ವಿಚ್ ಒತ್ತಿದ ಕ್ಷಣಕ್ಕೆ ವಿಡಿಯೋ ಶುರು, ಕೊನೇ ಫ್ರೇಮ್‌ಗೆ ಸರಿಯಾಗಿ ಕಾಯಿಲ್ ಬಾಲನ್ನ ಒದ್ದು ಆಚೆ ಹಾಕ್ಬೇಕು, ಮಹಿಷಾಸುರನೇ ಒದ್ದ ಹಾಗೆ ಅನಿಸ್ಬೇಕು. ಚೆಂಡೆ ಪೆಟ್ಟನ್ನ ವಿಡಿಯೋ ಕೊನೆಗಿಂತ ಸ್ವಲ್ಪ ಮುಂಚೆ ಏರಿಸಿದ್ರೆ ಆಡೋನಿಗೆ ಬಾಲ್ ಬರ್ತಿದೆ ಅಂತ ಕಿವಿಯಲ್ಲೇ ಗೊತ್ತಾಗುತ್ತೆ, ಕಣ್ಣು ತಾನಾಗೇ ಕೆಳಗಿಳಿಯುತ್ತೆ. ಎರಡೂ ಫ್ಲಿಪರ್ ಒಟ್ಟಿಗೆ ಒತ್ತಿದ್ರೆ ವಿಡಿಯೋ ಬಿಟ್ಟು ಮುಂದೆ ಹೋಗ್ಬೇಕು, ಇದನ್ನ ಮರೀಬೇಡಿ, ಮೊದಲನೇ ಸಲ ರೋಮಾಂಚನ ಆದದ್ದು ನಲವತ್ತನೇ ಸಲ ತಲೆನೋವು. ಮಲ್ಟಿಬಾಲ್ ಓಡ್ತಿರುವಾಗ ವಿಡಿಯೋನೇ ಬೇಡ. ಆಗ ಒಂದು ಬಾಲ್ ಗುಳಿಯಲ್ಲಿ ನಿಂತ್ರೂ ಉಳಿದವು ಓಡ್ತಾನೇ ಇರ್ತವೆ, ಮೂರು ಬಾಲ್ ಕಾಯೋನಿಗೆ ಸ್ಕ್ರೀನ್ ಯಾಕೆ. ಸ್ಕ್ರೀನ್ ಪೂರ್ತಿ ಒಂದು ಬಣ್ಣಕ್ಕೆ ಮಿಂಚಿ ಅಂಕ ದೊಡ್ಡದಾಗಿ ಬಂದು ಹೋದ್ರೆ ಓರೆಗಣ್ಣಿಗೆ ಅಷ್ಟು ಸಾಕು.

ಒಂದು ವಿಡಿಯೋ ಓಡ್ತಿರುವಾಗ ಇನ್ನೊಂದು ನುಗ್ಗಿದ್ರೆ ಏನು ಮಾಡ್ಬೇಕು ಅಂತ ಮುಂದಿನ ಪತ್ರದಲ್ಲಿ ಕೇಳೇ ಕೇಳ್ತೀರಿ, ಈಗಲೇ ಹೇಳಿಬಿಡ್ತೀನಿ. ಮನೆ ಊಟದ ಪಂಕ್ತಿ ತರ ಹಿರಿಯರು ಕಿರಿಯರು ಅಂತ ಗೊತ್ತು ಮಾಡಿ. ಅಲ್ಲಾಡಿಸಿದ ಎಚ್ಚರಿಕೆ ಎಲ್ಲಕ್ಕೂ ಹಿರಿದು, ಆಮೇಲೆ ಬಾಲ್ ವಾಪಸ್, ಆಮೇಲೆ ಜಾಕ್‌ಪಾಟು, ಆಮೇಲೆ ನಡೀತಿರೋ ಪ್ರಸಂಗ, ಕೊನೆಗೆ ಸಾಮಾನ್ಯ ಸ್ಕೋರ್ ಸ್ಕ್ರೀನು. ಮೇಲೆ ಹೇಳಿದ ಮಿಷನ್ ಪಿನ್‌ಬಾಲ್ ಫ್ರೇಮ್‌ವರ್ಕಲ್ಲಿ ಪ್ರತಿ ಸ್ಲೈಡ್‌ಗೂ, ಅಂದ್ರೆ ಸ್ಕ್ರೀನಲ್ಲಿ ಬರೋ ಒಂದೊಂದು ಪುಟಕ್ಕೂ, ಪ್ರಯಾರಿಟಿ ನಂಬರ್ ಕೊಡಬಹುದು, ದೊಡ್ಡ ನಂಬರಿನದ್ದು ಮೇಲೆ ಕೂರುತ್ತೆ. ಜೊತೆಗೆ ಎಕ್ಸ್‌ಪೈರ್ ಅಂತ ಒಂದು ಸೆಟ್ಟಿಂಗು, ಅಲ್ಲಿ 2 ಸೆಕೆಂಡ್ ಅಂತ ಹಾಕಿದ್ರೆ ಕೆಲಸ ಮುಗಿಸಿ ತಾನೇ ಎದ್ದು ಹೋಗುತ್ತೆ. ಇದನ್ನ ಹಾಕೋಕೆ ಮರೆತು ನನ್ನ ಮಷಿನ್ ಒಂದ್ಸಲ ಆಟ ಮುಗಿಯೋವರೆಗೂ "ಜಾಕ್‌ಪಾಟ್" ಅಂತಲೇ ತೋರಿಸ್ಕೊಂಡು ನಿಂತಿತ್ತು.

ರಾಸ್ಪ್‌ಬೆರಿ ಪೈ 5 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಲ್ಲಿ ವಿಡಿಯೋ ತಡವರಿಸ್ತಿದೆ. ಲ್ಯಾಪ್‌ಟಾಪಲ್ಲಿ ಬೆಣ್ಣೆ ತರ ಓಡುತ್ತೆ. ಇನ್ನೊಂದು ಪ್ರಾಬ್ಲಂ, ಸ್ಲಿಂಗ್‌ಶಾಟ್ (ಫ್ಲಿಪರ್ ಮೇಲಿರೋ, ಬಾಲ್ ತಾಗಿದ್ರೆ ಒದೆಯೋ ರಬ್ಬರ್ ತ್ರಿಕೋನ) ಹೊಡೆದಾಗೆಲ್ಲ ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತೆ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಎರಡೂ ಬೇರೆ ಬೇರೆ ರೋಗ. ಮೊದಲನೇದು: ಪೈ 4ರಲ್ಲಿ ಎಚ್.264 ವಿಡಿಯೋ ಬಿಚ್ಚೋಕೆ ಅಂತ ಚಿಪ್‌ನೊಳಗೇ ಪ್ರತ್ಯೇಕ ಭಾಗ ಇತ್ತು, ಪೈ 5ರಲ್ಲಿ ಅದನ್ನ ತೆಗೆದುಬಿಟ್ಟಿದ್ದಾರೆ, ಪ್ರೊಸೆಸರ್ರೇ ಆ ಕೆಲಸನೂ ಮಾಡ್ಬೇಕು. ಗೋಡೋ ಬಳಸೋರಾದ್ರೆ ಅದು ಸ್ವಂತವಾಗಿ ಓಡಿಸೋದು ಆಗ್ ಥಿಯೋರಾ ಅನ್ನೋ ವಿಡಿಯೋ ಫಾರ್ಮ್ಯಾಟ್ ಮಾತ್ರ, ಎಂಪಿ4 ಮುಟ್ಟೋದೇ ಇಲ್ಲ. ಎಫ್‌ಎಫ್‌ಎಂಪೆಗ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲಿ ಬದಲಾಯಿಸ್ಕೊಳ್ಳಿ, ಕ್ವಾಲಿಟಿ 0ರಿಂದ 10ರವರೆಗೆ ಇರುತ್ತೆ, 7-8 ಇಡಿ, 1280 ಅಡ್ಡ 720, ಸೆಕೆಂಡಿಗೆ 30 ಫ್ರೇಮ್. ನಾಲ್ಕಡಿ ದೂರ ನಿಂತು ಓರೆಗಣ್ಣಲ್ಲಿ ನೋಡೋನಿಗೆ 4ಕೆ ಯಾಕೆ ಹೇಳಿ. ಥಿಯೋರಾದಲ್ಲಿ ಪಾರದರ್ಶಕ ಹಿನ್ನೆಲೆ ಇರಲ್ಲ, ಹಂಗಾಗಿ ಸ್ಕೋರ್ ಮೇಲೆ ಹಾದು ಹೋಗೋ ಸಣ್ಣ ಅನಿಮೇಷನ್‌ಗಳನ್ನ ಪಿಎನ್‌ಜಿ ಚಿತ್ರಗಳ ಸರಣಿ ಮಾಡಿ. ಅಲ್ಲೂ ಹುಷಾರು, ಪೂರ್ತಿ 720ರ ಒಂದು ಚಿತ್ರ ಮೆಮೊರೀಲಿ ಬಿಚ್ಕೊಂಡ್ರೆ 3.7 ಎಂಬಿ ಹತ್ರ ತಿನ್ನುತ್ತೆ, ಅಂಥಾ 60 ಅಂದ್ರೆ 220 ಎಂಬಿ, ಫೈಲ್ ಸೈಜ್ ನೋಡಿ ಮೋಸಹೋಗ್ಬೇಡಿ. ಇದೆಲ್ಲ ರಗಳೆ ಬೇಡ ಅಂದ್ರೆ ಆಫೀಸುಗಳಿಂದ ಹೊರಬೀಳೋ ಹಳೇ ಪುಟಾಣಿ ಡೆಸ್ಕ್‌ಟಾಪ್ ಒಂದು ತಂದು ಕ್ಯಾಬಿನೆಟ್‌ನೊಳಗೆ ಇಡಿ, ನಾನು ಈಗ ಅದೇ ಮಾಡಿರೋದು.

ಎರಡನೇದು ವಿಡಿಯೋ ರೋಗ ಅಲ್ಲ, ಕರೆಂಟ್ ರೋಗ. ಕಾಯಿಲ್‌ಗಳ ಸಪ್ಲೈ ಬೇರೆ, ಕಂಪ್ಯೂಟರ್ ಸ್ಕ್ರೀನ್ ಸಪ್ಲೈ ಬೇರೆ ಇರ್ಬೇಕು. ಪ್ರತಿ ಕಾಯಿಲ್ ಮೇಲೂ ಡಯೋಡ್ ಇದೆಯಾ, ಸರಿ ದಿಕ್ಕಲ್ಲಿದೆಯಾ ಅಂತ ಕಂಟ್ರೋಲ್ ಬೋರ್ಡಿನ ಮ್ಯಾನುಯಲ್ ಜೊತೆ ತಾಳೆ ನೋಡಿ. ಎಚ್‌ಡಿಎಂಐ ಕೇಬಲನ್ನ ಕಾಯಿಲ್ ವೈರುಗಳ ಜೊತೆ ಸೇರಿಸಿ ಟೈ ಹಾಕಿದ್ರೆ ಇವತ್ತೇ ಬಿಚ್ಚಿ. ನಾನು ನೀಟಾಗಿ ಕಾಣ್ಲಿ ಅಂತ ಹಂಗೇ ಕಟ್ಟಿದ್ದೆ.

ನಮ್ಮಣ್ಣ ಹಳೇ ಕನ್ನಡ ಸಿನಿಮಾದ ಫೈಟ್ ಸೀನ್‌ಗಳನ್ನೆಲ್ಲ ಕತ್ತರಿಸಿ ಹಾಕಿದ್ದಾನೆ. ತೊಂದ್ರೆ ಇಲ್ವಾ?
— ಓದುಗರು, ದಾವಣಗೆರೆ

ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ, ಹಾಡಿನ ಸಾಹಿತ್ಯ ಸಂಗೀತದ ಲೆಕ್ಕ ಬೇರೆ, ಬರೆದವರು ತೀರಿಕೊಂಡ ಮೇಲೂ 60 ವರ್ಷ. ಮನೆಯೊಳಗೆ ಆಡ್ಕೊಂಡಿದ್ರೆ ಯಾರೂ ಬಂದು ಬಾಗಿಲು ತಟ್ಟಲಿಕ್ಕಿಲ್ಲ, ಮಾರೋಕೆ, ಕಾಸು ತಗೊಂಡು ಆಡಿಸೋಕೆ, ಯೂಟ್ಯೂಬಿಗೆ ಹಾಕೋಕೆ ಹೋದ್ರೆ ಸಿಕ್ಕಾಕ್ಕೊಳ್ತಾನೆ. ಕಾನೂನು ಬಿಡಿ, ನನ್ನ ತಕರಾರು ಬೇರೆ: ಸಿನಿಮಾ ಫೈಟನ್ನ ಥಿಯೇಟರಲ್ಲಿ ಕೂತು ನೋಡೋರಿಗೆ ತೆಗೆದಿರ್ತಾರೆ, ಎರಡು ಸೆಕೆಂಡಿಗೆ ಕತ್ತರಿಸಿದ್ರೆ ಯಾರು ಯಾರಿಗೆ ಹೊಡೆದ್ರು ಅಂತ ತಿಳಿಯಲ್ಲ. ಅಣ್ಣನ್ನೇ ಲುಂಗಿ ಕಟ್ಟಿಸಿ ಮನೆ ಟೆರೇಸ್ ಮೇಲೆ ಫೈಟ್ ಮಾಡೋಕೆ ಹೇಳಿ, ಶೂಟ್ ನೀವು ಮಾಡಿ.

ನಮ್ಮನೆಯವರು ಆರು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ಈ ಮಷಿನ್ ಮುಂದೆ ಕೂತ್ರೆ ಹನ್ನೊಂದೂವರೆ. ಸ್ಕ್ರೀನಿಗೆ ಏನೋ ಬಣ್ಣ ಹಾಕ್ತಾರೆ, ತೆಗೀತಾರೆ, "ಹೆಂಗಿದೆ ನೋಡೇ" ಅಂತ ಕರೀತಾರೆ. ನಾನೇನು ಹೇಳ್ಲಿ? ನಂಗಂತೂ ಆಡೋಕೆ ಬರಲ್ಲ. ನಿಮ್ಮ ಲೇಖನ ಓದಿಯೇ ಶುರು ಮಾಡಿದ್ದು ಅಂತಾರೆ.
— ಗೃಹಿಣಿ, ಶಿವಮೊಗ್ಗ

ತಪ್ಪಾಯ್ತು ಅಕ್ಕ. ಆದ್ರೆ ಆಡೋಕೆ ಬರದೇ ಇರೋದೇ ನಿಮ್ಮ ಅರ್ಹತೆ. ಆಡೋನು ಬಾಲ್ ನೋಡ್ತಿರ್ತಾನೆ, ಸ್ಕ್ರೀನನ್ನ ನಿಜವಾಗ್ಲೂ ನೋಡೋದು ಪಕ್ಕದಲ್ಲಿ ಕೈಕಟ್ಕೊಂಡು ನಿಂತಿರೋರು. ಅವರು ಕರೆದಾಗ ಹೋಗಿ ಆಡಿಸಿ, ನೀವು ಸುಮ್ನೆ ಸ್ಕ್ರೀನ್ ನೋಡ್ತಿರಿ. ಆಟ ಮುಗಿದ್ಮೇಲೆ, ಈಗೇನು ಮಾಡೋಕೆ ಹೊರಟಿದ್ರಿ, ಆಯ್ತಾ ಇಲ್ವಾ, ಯಾಕೆ ಸೋತ್ರಿ, ಇಷ್ಟನ್ನ ಸ್ಕ್ರೀನ್ ನೋಡಿನೇ ನೀವು ಅವರಿಗೆ ಹೇಳೋಕೆ ಆದ್ರೆ ಡಿಸೈನ್ ಪಾಸು. ಆಗದಿದ್ರೆ ಏನು ಅರ್ಥ ಆಗ್ಲಿಲ್ಲ ಅಂತ ಒಂದು ಚೀಟೀಲಿ ಬರೆದು ಬ್ಯಾಕ್‌ಬಾಕ್ಸಿಗೆ ಅಂಟಿಸಿ ಮಲಗಿ. ಇನ್ನು ಹನ್ನೊಂದೂವರೆಗೆ ಆ ಕಟ ಕಟ ಶಬ್ದ ಇದೆಯಲ್ಲ, ಅದಕ್ಕೆ ಸ್ಕ್ರೀನ್ ಕಡೆಯಿಂದ ಯಾವ ಪರಿಹಾರನೂ ಇಲ್ಲ, ಮಷಿನ್ ಕಾಲಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ.